ಪದಚರ್ಚೆ: ಮಲ ಕಟ್ಟಿದವರ ‘ಭೇದಿ’ಗೆ ಏನೆನ್ನೋಣ?

ಬಳಗದವರಿಗೆ ನಮಸ್ಕಾರ.

ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಆಶಾ ಕಾರ್ಯಕರ್ತೆಯರು ಓದಿ ಹೇಳಲೆಂದು ಒಂದು ಕರಪತ್ರ ಬರೆಯುತ್ತಿದ್ದೇನೆ. ಬಹುಕಾಲದ ಮಲಬದ್ಧತೆ ಕರುಳಿಗೆ ತರುವ ಅಪಾಯ ಅದರ ವಿಷಯ. ‘ಮಲಬದ್ಧತೆ’ ಪುಸ್ತಕದ ಮಾತಾಯಿತು; ‘ಮೋಷನ್ ಸರಿಯಾಗಿ ಆಗ್ತಿಲ್ಲ’ ಎಂದರೆ ಸಾಕು, ತಿಳಿಯುತ್ತದೆ. ತೊಡಕಿರುವುದು ಅದರ ಮುಂದಿನ ಹಂತದಲ್ಲಿ.

ಹಾಸಿಗೆ ಹಿಡಿದ ಹಿರಿಯರಲ್ಲಿ, ನೋವಿಗೆ ಮಾರ್ಫಿನ್ ಜಾತಿಯ ಔಷಧಿ ತೆಗೆದುಕೊಳ್ಳುವವರಲ್ಲಿ, ಮಲ ಗುದನಾಳದಲ್ಲೇ ಉಳಿದು ಒಣಗಿ ಗಟ್ಟಿ ಮುದ್ದೆಯಾಗಬಹುದು. ಮೇಲಿನಿಂದ ಇಳಿದ ತೆಳು ಮಲ ಆ ಮುದ್ದೆಯ ಪಕ್ಕದಿಂದ ಅವರಿಗೆ ಅರಿವಿಲ್ಲದೆಯೇ ಜಿನುಗುತ್ತದೆ. ಬಟ್ಟೆ ಒದ್ದೆಯಾದದ್ದನ್ನು ಕಂಡ ಮನೆಯವರು ‘ಭೇದಿ ಶುರುವಾಗಿದೆ’ ಎಂದು ಭೇದಿ ನಿಲ್ಲುವ ಮಾತ್ರೆ ಕೊಟ್ಟರೆ ಒಳಗಿನ ಅಡ್ಡಿ ಇನ್ನಷ್ಟು ಬಿಗಿಯುತ್ತದೆ. ಗಟ್ಟಿ ಮಲ ಒತ್ತಿದ ಜಾಗದಲ್ಲಿ ರಕ್ತ ಹರಿಯದೆ ಹುಣ್ಣಾಗಬಹುದು. ಆ ಹುಣ್ಣು ತೂತಾದರೆ ಜೀವಕ್ಕೇ ಕುತ್ತು. ಸಾಲದ್ದಕ್ಕೆ, ‘ಭೇದಿಗೆ ಔಷಧಿ’ ಎಂದರೆ ನಿಲ್ಲಿಸುವುದಕ್ಕೂ ಆಯಿತು, ಹೊಟ್ಟೆ ಚೊಕ್ಕವಾಗಲೆಂದು ಮಾಡಿಸುವುದಕ್ಕೂ ಆಯಿತು.

‘ಸೋರುಭೇದಿ’ ಎಂದು ಬರೆದು ನೋಡಿದೆ. ಕೇಳುವವರ ಕಿವಿಗೆ ಬೀಳುವುದು ಮತ್ತೆ ಭೇದಿಯೇ. ‘ಮಲ ಕಟ್ಟಿ ಜಿನುಗುವುದು’ ಉದ್ದವಾಯಿತು, ಆದರೆ ಕಾರಣವೂ ಅದರಲ್ಲೇ ಇದೆ. ನನ್ನ ಒಲವು ಅದರ ಕಡೆ.

ಇನ್ನೊಂದು ಪದ. ದೊಡ್ಡ ಕರುಳಿನ ಕೊನೆಯ ಬಾಗು ತನ್ನ ಬುಡದ ಸುತ್ತ ಸುತ್ತಿಕೊಳ್ಳುವ ಸ್ಥಿತಿಗೆ ‘ಕರುಳು ನುಲಿ’ ಎನ್ನಬಹುದೇ? ಪದವೇನೋ ಚೆಂದ. ಆಮಶಂಕೆಯಲ್ಲೂ ‘ಹೊಟ್ಟೆ ನುಲೀತಿದೆ’ ಎನ್ನುತ್ತೇವಲ್ಲ, ಓಮದ ಕಷಾಯ ಕುಡಿಸಿ ಸುಮ್ಮನಾದಾರೆಂಬ ಹೆದರಿಕೆ ನನಗೆ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ನೋವು, ವಾಂತಿ ಬಂದರೆ ಒಂದು ರಾತ್ರಿಯೂ ಕಾಯುವಂತಿಲ್ಲ. ‘ಕರುಳು ತಿರುಚಿಕೊಂಡಿದೆ’ ಎಂದು ನೇರವಾಗಿ ಬರೆಯುವುದೇ ವಾಸಿಯೇನೋ.

ಭಾಗಮಂಡಲ, ಸಂಪಾಜೆ ಕಡೆಯ ಅರೆಭಾಷೆಯವರು, ಕೊಡವ ತಕ್ಕ್ ಆಡುವವರು, ಯರವ ಮಾತು ಬಲ್ಲವರು ದಯವಿಟ್ಟು ಬರೆಯಿರಿ: ಈ ಎರಡಕ್ಕೂ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಾರೆ? ಪದದ ಜೊತೆ ಅವರಾಡುವ ಒಂದು ವಾಕ್ಯವೂ ಇರಲಿ. ದನಕರುಗಳಿಗಷ್ಟೇ ಬಳಸುವ ಮಾತಾದರೆ ಅದನ್ನೂ ತಿಳಿಸಿ. ಕಾಯಿಲೆಯವರ ಎದುರು ಓದುವ ಕರಪತ್ರವಿದು, ಯಾರಿಗೂ ನೋವಾಗಬಾರದು.