ಅಮ್ಮ ಇಲ್ಲದ ಮೊದಲ ಕ್ರಿಸ್ಮಸ್: ಇಂಥ ವರ್ಷವನ್ನು ನೀವು ಹೇಗೆ ದಾಟಿದಿರಿ?

ಕೇಳಿದವರು, ಕಾರವಾರ

ಜುಲೈನಲ್ಲಿ ಅಮ್ಮ ತೀರಿಕೊಂಡರು. ಮನೆಯಲ್ಲಿ ಈಗ ಅಪ್ಪ ಮತ್ತು ನಾನು ಇಬ್ಬರೇ. ನವೆಂಬರ್ 2ರಂದು, ಮೃತರನ್ನು ನೆನೆಯುವ ದಿನ, ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆವು. ಅದು ಹೇಗೋ ಆಯ್ತು. ಬರುವ ಭಾನುವಾರ ಆಗಮನ ಕಾಲ, ಅಂದರೆ ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲ, ಶುರು. ಬಜಾರಿನಲ್ಲಿ ಆಗಲೇ ನಕ್ಷತ್ರಗಳನ್ನು ತೂಗುಹಾಕಿದ್ದಾರೆ. ನೋಡಿದರೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಬಾಲ ಯೇಸುವಿನ ಕೊಟ್ಟಿಗೆಯ ಗೋದಲಿಗೆ ಹುಲ್ಲು ಹೊಂದಿಸುವುದು, ನೆವರಿ ಸಿಹಿ ಮಾಡುವುದು, ಅಕ್ಕಪಕ್ಕದ ಮನೆಗೆ ಹಂಚುವುದು ಎಲ್ಲ ಅಮ್ಮನ ಕೆಲಸವಾಗಿತ್ತು. ಚರ್ಚಿನ ಪೂಜೆಗೆ ಹೋಗುತ್ತೇನೆ, ಆದರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ. "ದೇವರ ಚಿತ್ತ" ಎಂದು ಯಾರಾದರೂ ಅಂದರೆ ಎದ್ದು ಹೋಗಬೇಕು ಅನಿಸುತ್ತದೆ. ಇಂಥ ವರ್ಷ ದಾಟಿದವರು ದಯವಿಟ್ಟು ಹೇಳಿ. ಮನೆಗೆ ನಕ್ಷತ್ರ ಕಟ್ಟಬೇಕಾ ಬೇಡವಾ, ಅದನ್ನೂ ಹೇಳಿ.

ಶಿರಸಿಯಿಂದ

ತಂಗಿ, ನಮ್ಮ ಚರ್ಚಿನ ಹಾಡುವ ತಂಡದಲ್ಲಿ ನಾನು ಇಪ್ಪತ್ತು ವರ್ಷದಿಂದ ಇದ್ದೇನೆ. 2024ರ ಜನವರಿಯಲ್ಲಿ ನಮ್ಮ ಯಜಮಾನರು ಹೋದರು. ಎದೆನೋವು ಅಂದರು, ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಆಮೇಲೆ ನನ್ನ ಗಂಟಲು ಕಟ್ಟಿಹೋಯಿತು. ಮಾತಾಡಲು ಬರುತ್ತಿತ್ತು. ಹಾಡಲು ಬಾಯಿ ತೆಗೆದರೆ ಅಳುವೇ ಬರುತ್ತಿತ್ತು.

ಆ ವರ್ಷ ಬೂದಿ ಬುಧವಾರ, ಹಣೆಗೆ ಬೂದಿ ಇಡುವ ದಿನ, ಫೆಬ್ರವರಿ 14ಕ್ಕೆ ಬಂತು. ಹಿಂದಿನ ವರ್ಷ ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಕೊಟ್ಟ ಗರಿಗಳನ್ನು ಸುಟ್ಟೇ ಆ ಬೂದಿ ಮಾಡುತ್ತಾರೆ, ನಿಮಗೂ ಗೊತ್ತು. ಮನೆಯಲ್ಲಿದ್ದ ಗರಿಯನ್ನು ಚರ್ಚಿಗೆ ಕೊಡಬೇಕಿತ್ತು. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದು ಅವರೇ. ಸ್ಟೂಲ್ ಹತ್ತಿ ತೆಗೆದೆ. ಅಲ್ಲೇ ಕೂತು ಅತ್ತೆ. ಅವರು ಹೋದ ಮೇಲೆ ಹಾಗೆ ಜೋರಾಗಿ ಅತ್ತಿದ್ದು ಅದೇ ಮೊದಲು. ಮರುದಿನ ಹಣೆಗೆ ಬೂದಿ ಇಟ್ಟಾಗ, ಮಣ್ಣಿನಿಂದ ಬಂದೆ, ಮಣ್ಣಿಗೇ ಮರಳುವೆ ಅನ್ನುವ ಮಾತು ನನಗೆ ಕಠೋರ ಅನಿಸಲಿಲ್ಲ. ಎಲ್ಲರೂ ಏನೇನೋ ಸಮಾಧಾನ ಹೇಳುತ್ತಿದ್ದಾಗ ಚರ್ಚೊಂದೇ ನನಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿತು.

ಬೂದಿ ಬುಧವಾರದಿಂದ ಶುರುವಾಗುವ, ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಅಲ್ಲೆಲೂಯ ಹಾಡುವುದಿಲ್ಲ. ಭಾನುವಾರದ ಗ್ಲೋರಿಯಾ ಸ್ತುತಿಗೀತೆಯೂ ಇಲ್ಲ. ಇಪ್ಪತ್ತು ವರ್ಷ ಅದನ್ನೊಂದು ನಿಯಮ ಅಂತ ಪಾಲಿಸಿದ್ದೆ. ಆ ವರ್ಷ ಮಾತ್ರ, ನನ್ನ ಬಾಯಿಗೆ ಬಾರದ ಹಾಡನ್ನು ಇಡೀ ಸಭೆಯೇ ನನ್ನ ಜೊತೆ ಬಿಟ್ಟಿದೆ ಅನಿಸಿತು. ಅದೇ ಮಾರ್ಚ್‌ನಲ್ಲಿ ನಮ್ಮೂರ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು, ಊರೆಲ್ಲ ಗದ್ದಲ. ಪಕ್ಕದ ಮನೆಯ ಹವ್ಯಕರ ಅಕ್ಕ ಅಷ್ಟು ನೆಂಟರ ನಡುವೆಯೂ ಸಂಜೆ ಒಂದು ಪಾತ್ರೆ ತಂಬುಳಿ ತಂದಿಟ್ಟು, ಏನೂ ಕೇಳದೆ ಹೋಗುತ್ತಿದ್ದರು. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಈಸ್ಟರ್ ಜಾಗರಣೆಯ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹಚ್ಚಿ, ದೊಡ್ಡ ಪಾಸ್ಕ ಬತ್ತಿಯನ್ನು ಒಳಗೆ ತರುತ್ತಾರಲ್ಲ, ಆಗ ಎಲ್ಲರೂ ಒಬ್ಬರ ಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಂಡೆವು. ಗ್ಲೋರಿಯಾಕ್ಕೆ ಗಂಟೆಗಳು ಬಾರಿಸಿದವು. ನಾನು ಹಾಡಿದೆನಾ? ಇಲ್ಲ. ತುಟಿ ಅಲ್ಲಾಡಿತು ಅಷ್ಟೆ. ಆದರೆ ಈಸ್ಟರ್ ಒಂದೇ ದಿನದ ಹಬ್ಬ ಅಲ್ವಲ್ಲ, 50 ದಿನ. ದೇವರು ಅವಸರ ಮಾಡಲಿಲ್ಲ. ಮೇ 19, ಆ 50 ದಿನ ಮುಗಿಯುವ ಪೆಂತೆಕೋಸ್ತಿನ ದಿನ, ಒಂದು ಚರಣ ಹಾಡಿದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಪ್ರಾರ್ಥನೆ ಬಾರದಿದ್ದರೆ ಸುಮ್ನೆ ಹೋಗಿ ನಿಂತುಕೊಳ್ಳಿ. ನಿಮ್ಮ ಪಾಲಿನದನ್ನು ಪಕ್ಕದವರು ಹೇಳುತ್ತಾರೆ.

ಹೊನ್ನಾವರ, ಕಾಸರಕೋಡಿನಿಂದ

ನಾನು ಬೋಟಿಗೆ ಹೋಗುವವನು. ಅಕ್ಕ ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಕ್ರಿಸ್ಮಸ್ ಹೇಗಾದರೂ ದಾಟುತ್ತದೆ, ಜನ ಬರುತ್ತಾರೆ ಹೋಗುತ್ತಾರೆ. ಕಷ್ಟ ಇರುವುದು ಆಮೇಲೆ. ಅಪ್ಪ ಹಾಸಿಗೆ ಹಿಡಿದ ವರ್ಷ ನನಗೆ ಅದು ಗೊತ್ತಾಯಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿನ ಪಾಲು ಇಲ್ಲ, ಸಾಲ ಇದೆ, ಮಳೆ ಹೊಡೆಯುತ್ತಿದೆ. ಚರ್ಚಿನಲ್ಲೂ ಅದು ಸಾಧಾರಣ ಕಾಲ. ಫಾದರ್ ಹಸಿರು ಉಡುಪು ಹಾಕುತ್ತಾರೆ, ಎಂಥಾ ದೊಡ್ಡ ಹಬ್ಬವೂ ಹತ್ತಿರ ಇಲ್ಲ. ವಾರದ ನಡುವಿನ ಪೂಜೆಗೆ ನಾವು ಐದಾರು ಜನ.

ಕೆಲಸವಿಲ್ಲ ಎಂದು ಹೋಗಲು ಶುರುಮಾಡಿದೆ. ರಾತ್ರಿಯಿಡೀ ಬಲೆ ಹಾಕಿದೆವು, ಏನೂ ಸಿಗಲಿಲ್ಲ ಎಂದು ಪೇತ್ರ ಯೇಸುವಿಗೆ ಹೇಳುತ್ತಾನಲ್ಲ, ಅದನ್ನು ಚಿಕ್ಕಂದಿನಿಂದ ಕೇಳಿದ್ದೆ. ಸಾಲದ ವರ್ಷದಲ್ಲಿ ಕೇಳುವಾಗ ನಮ್ಮ ಬೋಟು ನಡೆಸುವ ತಾಂಡೇಲನ ಧ್ವನಿಯೇ ಕೇಳಿದ ಹಾಗಾಯಿತು. ಯೇಸು ಬಂದು ಹತ್ತಿದ್ದು ಖಾಲಿ ಬೋಟಿಗೇ ಅಲ್ವಾ? ಆಗಸ್ಟಿಗೆ ಕಡಲಿಗೆ ಇಳಿದೆವು. ಸಾಲ ಇನ್ನೂ ಇದೆ. ಅಪ್ಪ ಈಗ ಗೋಡೆ ಹಿಡಿದು ನಡೆಯುತ್ತಾರೆ. ಜನವರಿ ಕೊನೆಗೆ ಮನೆ ಖಾಲಿ ಅನಿಸಿದಾಗ ವಾರದ ಪೂಜೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಅಲ್ಲಿ ಯಾರೂ ನಿಮ್ಮ ಮುಖ ನೋಡಿ ಪ್ರಶ್ನೆ ಕೇಳುವುದಿಲ್ಲ.

ಅಂಕೋಲೆಯಿಂದ

"ದೇವರ ಚಿತ್ತ" ಮಾತಿನ ಬಗ್ಗೆ ಹೇಳಿದಿರಿ. ನನ್ನ ಮಗು ಹುಟ್ಟಿ ಒಂಬತ್ತು ದಿನಕ್ಕೆ ಹೋಯಿತು. ನನಗೂ ಅದನ್ನೇ ಹೇಳಿದರು. ಎರಡು ವರ್ಷ ಕ್ರಿಸ್ಮಸ್ ಗೋದಲಿಯ ಹತ್ತಿರ ಹೋಗಲಿಲ್ಲ. ತೊಟ್ಟಿಲ ಮಗುವನ್ನು ನೋಡಲು ನನ್ನಿಂದ ಆಗಲಿಲ್ಲ.

ಮೂರನೇ ವರ್ಷ ಒಬ್ಬ ಸಿಸ್ಟರ್ ಡಿಸೆಂಬರ್ 28ಕ್ಕೆ ಪೂಜೆಗೆ ಬಾ ಎಂದು ಕರೆದರು. ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಹಸುಗೂಸುಗಳ ನೆನಪಿನ ದಿನ ಅದು. ಕ್ರಿಸ್ಮಸ್ ಕಳೆದು ಮೂರೇ ದಿನ, ಗೋದಲಿ ಇನ್ನೂ ಅಲ್ಲೇ ಇದೆ, ಫಾದರ್ ಮಾತ್ರ ಕೆಂಪು ಉಡುಪಿನಲ್ಲಿ. ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಯಾರ ಸಮಾಧಾನವೂ ಅವಳಿಗೆ ಬೇಡ, ಯಾಕೆಂದರೆ ಮಕ್ಕಳು ಇಲ್ಲ ಎಂದು ಮತ್ತಾಯನ ಸುವಾರ್ತೆ ಓದಿದರು. ಸಮಾಧಾನ ಬೇಡ ಅಂದ ತಾಯಿಯನ್ನು ಬೈಬಲ್ ಗದರಿಸುವುದಿಲ್ಲ. ಅವಳ ಅಳುವನ್ನು ಹಬ್ಬದ ಮಧ್ಯೆಯೇ ಇಟ್ಟಿದೆ. ಅಂದು ಪೂಜೆ ಮುಗಿದ ಮೇಲೆ ಗೋದಲಿಯ ಮುಂದೆ ಹೋಗಿ ನಿಂತೆ. ಇಷ್ಟಕ್ಕಿಂತ ಜಾಸ್ತಿ ಹೇಳಲು ನನಗೆ ಬರುವುದಿಲ್ಲ.

ಕುಮಟೆಯಿಂದ

ನಾನು ನರ್ಸ್. ಒಂದೇ ವಿಷಯ. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ನೋಡಿಕೊಳ್ಳಿ, ಅಪ್ಪನದ್ದು ಇನ್ನೂ ಹೆಚ್ಚು. ಗಂಡಸರು ಹೇಳುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದು ನಂಬಿಕೆ ಕಡಿಮೆ ಅನ್ನುವುದರ ಗುರುತಲ್ಲ. ಲೂಕನನ್ನು ವೈದ್ಯ ಎಂದೇ ಬೈಬಲ್ ಕರೆಯುತ್ತದೆ.

ಕಾರವಾರದಿಂದ, ನಿವೃತ್ತ ಶಿಕ್ಷಕಿ

ಮಗಾ, ನಕ್ಷತ್ರದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಸಾವಾದ ಮನೆಯಲ್ಲಿ ಆ ವರ್ಷ ಸಿಹಿ ಮಾಡದೇ ಇರುವವರು ನಮ್ಮಲ್ಲಿ ಬಹಳ ಜನ. ಅಕ್ಕಪಕ್ಕದವರು ಕಳಿಸುತ್ತಾರೆ, ತೆಗೆದುಕೊಳ್ಳಿ. ನಕ್ಷತ್ರ ಈಗಲೇ ತೀರ್ಮಾನಿಸಬೇಡ. ಆಗಮನ ಕಾಲ ಹಬ್ಬವಲ್ಲ, ಕಾಯುವ ಕಾಲ. ನಾಲ್ಕು ಭಾನುವಾರ ಇದೆ.

ನಮ್ಮ ಮನೆಯಲ್ಲಿ ನಾಲ್ಕು ಬತ್ತಿಯ ಮಾಲೆ ಇಡುತ್ತೇವೆ, ಭಾನುವಾರಕ್ಕೊಂದು ಬತ್ತಿ. ಅದರ ಕಥೆ ನನಗೆ ಬಹಳ ಇಷ್ಟ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಕೆರ್ನ್ ಎಂಬ ಪಾದ್ರಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ. ಅವರು ಒಂದು ಗಾಡಿಯ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಕ್ಕೆ ಚಿಕ್ಕದು, ಭಾನುವಾರಕ್ಕೆ ದೊಡ್ಡದು. ಎಲ್ಲವನ್ನೂ ಒಟ್ಟಿಗೆ ಹಚ್ಚುತ್ತಿರಲಿಲ್ಲ, ದಿನಕ್ಕೊಂದೇ. ಮನೆಯಿಲ್ಲದ ಮಕ್ಕಳಿಗೆ ಹೊಳೆದ ಬೆಳಕು ಅದು, ಹಾಗಾಗಿ ನಿಮ್ಮ ಮನೆಗೂ ಹೊಂದುತ್ತದೆ. ಮೊದಲ ಭಾನುವಾರ ಒಂದನ್ನು ಹಚ್ಚಿ. ಪ್ರಾರ್ಥನೆ ಬಾರದಿದ್ದರೆ ಯೆಶಾಯನ ಪುಸ್ತಕದ 40ನೇ ಅಧ್ಯಾಯ ತೆಗೆದು ಮೊದಲ ಸಾಲು ಓದಿ: "ಸಂತೈಸಿರಿ, ನನ್ನ ಜನರನ್ನು ಸಂತೈಸಿರಿ." ದೇವರೇ ಹಾಗೆ ಹೇಳುತ್ತಿರುವಾಗ ನಾವು ಬೇರೆ ಮಾತು ಹುಡುಕಬೇಕಿಲ್ಲ.

ಕೇಳಿದವರು, ಭಾನುವಾರ ರಾತ್ರಿ

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಬೋಟಿನ ಅಣ್ಣ ಬರೆದದ್ದನ್ನು ಎರಡು ಸಲ ಓದಿಸಿದರು. ಗಾಡಿಯ ಚಕ್ರ ಎಲ್ಲಿಂದ ತರುವುದು? ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಬತ್ತಿ ನಿಲ್ಲಿಸಿದೆವು. ಕಡ್ಡಿ ಗೀರಿದ್ದು ಅಪ್ಪ. ಸುಮಾರು ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಆರಿಸುವಾಗ "ಮುಂದಿನ ವಾರ ಎರಡು, ಅಲ್ವಾ?" ಅಂದರು. ನಿದ್ದೆಯ ಬಗ್ಗೆ ಕೇಳಿದೆ. ಮೂರು ಗಂಟೆಗೇ ಎಚ್ಚರವಾಗುತ್ತದಂತೆ, ಇಷ್ಟು ದಿನ ಹೇಳಿರಲಿಲ್ಲ. ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ.

ನಕ್ಷತ್ರ ಇನ್ನೂ ಅಟ್ಟದ ಮೇಲೇ ಇದೆ. ಅಂಕೋಲೆಯ ಅಕ್ಕಾ, ಡಿಸೆಂಬರ್ 28ಕ್ಕೆ ನಾನೂ ಪೂಜೆಗೆ ಹೋಗುತ್ತೇನೆ. ನಿಮ್ಮ ಮಗುವನ್ನು ಅಮ್ಮನ ಜೊತೆಗೇ ನೆನೆಯುತ್ತೇನೆ.