ಸಹಾಯ ಬೇಕು: ಎಂಟು ಜ್ಞಾನಪೀಠ ಫಲಕಗಳ ಕರಡು ತಿದ್ದಿಕೊಡ್ರಿ

ಶರಣ್ರಿ. ಕುಷ್ಟಗಿ ತಾಲ್ಲೂಕಿನ ನಮ್ಮ ಊರ ಗ್ರಂಥಾಲಯಕ್ಕೆ ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡ ಸಾಹಿತಿಗಳ 2×3 ಅಡಿಯ ಎಂಟು ಫಲಕ ರಾಜ್ಯೋತ್ಸವದೊಳಗೆ ಆಗಬೇಕು. ಕರಡು ನೋಡಿ ತಪ್ಪು ಹಿಡಿಯುವವರು ಬೇಕು.

ಪ್ರಶಸ್ತಿಯ ವರ್ಷಗಳು ಹೀಗಿವೆ: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998, ಕಂಬಾರ 2010. ಕಂಬಾರರದು 2010ರ ಸಾಲಿನದು, ಘೋಷಣೆಯಾದದ್ದು 2011ರಲ್ಲಿ. ಅದಕ್ಕೇ ಎರಡೂ ವರ್ಷ ಓಡಾಡುತ್ತವೆ.

ಹೆಚ್ಚು ಎಡವುವುದು ಕೃತಿಗಳ ವಿಷಯದಲ್ಲಿ. ಬೇಂದ್ರೆಯವರ 'ಅರಳು ಮರಳು'ಗೆ ಬಂದದ್ದು ಕೇಂದ್ರ ಸಾಹಿತ್ಯ ಅಕಾಡೆಮಿ, ಜ್ಞಾನಪೀಠ 'ನಾಕುತಂತಿ'ಗೆ. 1982ರ ನಂತರ ಜ್ಞಾನಪೀಠ ಒಂದೇ ಕೃತಿಗಲ್ಲ, ಒಟ್ಟು ಸಾಹಿತ್ಯಕ್ಕೆ. ಹಾಗಾಗಿ ಮಾಸ್ತಿಯವರ 'ಚಿಕವೀರ ರಾಜೇಂದ್ರ'ದ ಮುಂದೆ 'ಪ್ರಶಸ್ತಿ ಪಡೆದ ಕೃತಿ' ಬೇಡ, 'ಮುಖ್ಯ ಕೃತಿ' ಅಂತಿದ್ದರೆ ಸಾಕು. ಕಾವ್ಯನಾಮಗಳನ್ನೂ ನೋಡ್ರಿ: 'ಶ್ರೀನಿವಾಸ' ಮಾಸ್ತಿ, 'ವಿನಾಯಕ' ಗೋಕಾಕ.

ಇನ್ನೊಂದು ತಲೆನೋವು ಫ್ಲೆಕ್ಸ್ ಅಂಗಡಿಯದು. ಯೂನಿಕೋಡ್ ಪಠ್ಯವನ್ನು ಹಳೆಯ ಸಾಫ್ಟ್‌ವೇರ್‌ಗೆ ಅಂಟಿಸಿದರೆ ಒತ್ತಕ್ಷರ ಒಡೆಯುತ್ತವೆ, 'ಕಾರ್ನಾಡ'ದ ಅರ್ಕಾವತ್ತು ಎಲ್ಲೋ ಹಾರಿರುತ್ತದೆ. 'ನುಡಿ' ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸಿ ಪಿಡಿಎಫ್ ಮಾಡಿಕೊಡುವವರು ಯಾರಾದರೂ ಇದ್ದೀರಾ? ಪಿಡಿಎಫ್‌ನಲ್ಲಿ ಫಾಂಟ್ ಸೇರಿಸಿಯೇ ಕೊಡಬೇಕು, ಇಲ್ಲದಿದ್ದರೆ ಅಲ್ಲಿ ಮತ್ತೆ ಅದೇ ಪಾಡು.

ಒಂಬತ್ತನೆಯ ಫಲಕ ನಮ್ಮ ಸೀಮೆಯವರಿಗೆ: ಸಿದ್ಧಯ್ಯ ಪುರಾಣಿಕ, ಶಾಂತರಸ, ಕುಂ. ವೀರಭದ್ರಪ್ಪ. ದೊಡ್ಡ ಅಳತೆಯ ಫೋಟೊ ಇದ್ದರೆ ಫೈಲ್ ಆಗಿಯೇ ಕಳಿಸ್ರಿ. ವಾಟ್ಸ್ಆ್ಯಪ್ ಚಿತ್ರ ಅಡಿಗಟ್ಟಲೆ ಹಿಗ್ಗಿಸಿದರೆ ಮುಖವೆಲ್ಲ ಚೌಕಳಿ.