ಅಮೆರಿಕದ ಒಮಾಹಾ ಮನೆಯ ಬಿರುಕು: ತಳಪಾಯಕ್ಕೆ ನೀರು ಹಾಕಬೇಡ

ತಂಗಿ, ಫೋಟೋ ನೋಡಿದೆ. ಚಾವಣಿ ನೀರಿನ ಪೈಪು ಇಳಿಯೋ ಮೂಲೇಲೇ ಬೇಸ್‌ಮೆಂಟ್ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಬಿಟ್ಟಿದೆ. ದಾವಣಗೆರೆ ಮಾವ "ಸುತ್ತ ನೀರು ಹಾಕ್ತಾ ಇರು" ಅಂದಿದ್ದಾರೆ. ಮಾವ, ನಮ್ಮ ಎರೆ ಮಣ್ಣಿಗೆ ನಿಮ್ಮ ಮಾತು ಸರಿ. ಅದು ಒಣಗಿದ್ರೆ ಕುಗ್ಗುತ್ತೆ, ನೆನೆದ್ರೆ ಉಬ್ಬುತ್ತೆ, ಒಂದೇ ಸಮ ತೇವ ಇದ್ರೆ ಒಳ್ಳೇದು. ಆದ್ರೆ ಒಮಾಹಾದ ಗುಡ್ಡಗಳು ಲೋಯೆಸ್, ಹಿಮಯುಗದಲ್ಲಿ ಗಾಳಿ ತಂದು ಸುರಿದ ಧೂಳು. ಅಲ್ಲಿ ನೀರು ಹಾಕಿದ್ರೆ ಮನೆ ಇನ್ನೂ ಇಳಿಯುತ್ತೆ, ಇಳಿದದ್ದು ಮತ್ತೆ ಏಳಲ್ಲ.

ಈ ಮಣ್ಣು ಮುಟ್ಟಿದ್ರೆ ಮೈದಾ ಥರ. ಕಾಳುಗಳು ಒತ್ತಾಗಿ ಕೂತಿಲ್ಲ, ಹತ್ತಿರ ಹತ್ತಿರ ಅರ್ಧ ಭಾಗ ಖಾಲಿ. ಜೇಡಿ ಮತ್ತು ಸುಣ್ಣದ ತೆಳು ಅಂಟು ಕಾಳಿಗೆ ಕಾಳು ಹಿಡಿದಿರುತ್ತೆ. ಒಣ ಹೆಂಟೆಯನ್ನ ಒಂದು ಲೋಟ ನೀರಿಗೆ ಹಾಕಿ ನೋಡು, ಗುಳ್ಳೆ ಬಿಡ್ತಾ ಕರಗಿ ತಳಕ್ಕೆ ಕೂರುತ್ತೆ. ತಳಪಾಯದ ಕೆಳಗೂ ಹಾಗೇ. ಹೊಸ ಭಾರ ಬೇಕಿಲ್ಲ, ಇಷ್ಟು ವರ್ಷ ಹೊತ್ತ ಮನೆಯೇ ಸಾಕು. ತೇವ ಶೇ. 10ರ ಒಳಗಿದ್ದಾಗ ಗಟ್ಟಿ, ಶೇ. 20 ದಾಟಿದ್ರೆ, ಮಣ್ಣು ಸಡಿಲ ಇದ್ದಲ್ಲಿ, ಕುಸಿಯುತ್ತೆ. 2 ಮೀಟರ್ ಪದರ ನೆನೆದು ಶೇ. 5 ಕುಗ್ಗಿದ್ರೂ 10 ಸೆಂಟಿಮೀಟರ್ ಆಯ್ತು. ನೆನೆದ ಮೂಲೆ ಮಾತ್ರ ಇಳಿಯೋದಕ್ಕೇ ಗೋಡೆ ಸೀಳೋದು.

ಈ ವಾರವೇ ಆ ಪೈಪಿಗೆ ಮುಂದುವರಿಕೆ ಹಾಕಿಸಿ ನೀರನ್ನ ಗೋಡೆಯಿಂದ 10 ಅಡಿ ಆಚೆ ಬಿಡು. ನೆಲ ಮೊದಲ 10 ಅಡಿಯಲ್ಲಿ 6 ಇಂಚು ಇಳಿಜಾರಾಗಲಿ. ಅದಕ್ಕೆ ಜೇಡಿ ಮಣ್ಣನ್ನೇ ತೆಳು ಪದರವಾಗಿ ದಮ್ಮಸ್ಸು ಮಾಡಿಸು. ಮರಳು, ಜಲ್ಲಿ ಹಾಕಿದ್ರೆ ನೀರು ನೇರ ಕೆಳಗೆ ಹೋಗುತ್ತೆ. ಗೋಡೆ ಪಕ್ಕದ ಸ್ಪ್ರಿಂಕ್ಲರ್ ತೆಗೆಸು. ನಲ್ಲಿ ಎಲ್ಲ ಮುಚ್ಚಿ ಮೀಟರ್ ಓದು, ಎರಡು ಗಂಟೆ ಬಿಟ್ಟು ಮತ್ತೆ ಓದು. ಅಂಕಿ ಬದಲಾಗಿದ್ರೆ ಎಲ್ಲೋ ಸೋರ್ತಿದೆ. ಒಳಚರಂಡಿ ಪೈಪು ಮೀಟರಿಗೆ ಸಿಗಲ್ಲ, ಕ್ಯಾಮೆರಾ ಬಿಟ್ಟು ನೋಡಿಸು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರಿ, ಅಗಲವನ್ನೂ ಅಳೆದಿಡು.

ರಿಪೇರಿ ಕಂಪನಿಗಿಂತ ಮೊದಲು ಮಣ್ಣಿನ ಇಂಜಿನಿಯರನ್ನ ಕರೆಸು. ಒಣ ಸಾಂದ್ರತೆ, ತೇವಾಂಶ, ಮತ್ತೆ ಮನೆಯಷ್ಟೇ ಭಾರ ಹೇರಿ ನೀರು ಬಿಟ್ಟು ಮಾಡೋ ಕುಸಿತದ ಪರೀಕ್ಷೆ, ಈ ಮೂರನ್ನೂ ಕೇಳು. ಸಾಂದ್ರತೆ ಘನ ಅಡಿಗೆ 80 ಪೌಂಡಿಗಿಂತ ಕಮ್ಮಿ ಬಂದ್ರೆ ಅಪಾಯ ಜಾಸ್ತಿ. ಉಕ್ಕಿನ ಪಿಯರ್ (ಮನೆ ಭಾರ ಹೊರೋಕೆ ತಳಪಾಯದ ಕೆಳಗೆ ಇಳಿಸೋ ಕಂಬ) ಹಾಕಲೇಬೇಕು ಅಂದ್ರೆ ಅದು ಕುಸಿಯೋ ಪದರ ದಾಟಿ ಕೆಳಗಿನ ಗಟ್ಟಿ ಮಣ್ಣಿಗೆ ಇಳೀಬೇಕು. ಆಳ ಎಷ್ಟು ಅಂತ ಬರೆಸಿಕೊಂಡೇ ಸಹಿ ಹಾಕು.